ರಬ್ಬರ್ ತಮ್ಮ

ಸೈಕಲ್ ಅಂಗಡಿಯ ಪುಟ್ಟನಿಗೆ ಐವತ್ತು ದಾಟಿ ಮೀಸೆ ನರೆತಿತ್ತು. ಅವನ ಮಂಡಿ ಕೂತರೆ ಏಳಲೊಲ್ಲದು, ಎದ್ದರೆ ಕೂರಲೊಲ್ಲದು. ಆದರೂ ಊರಿಗೆಲ್ಲ ಅವನು ಪುಟ್ಟನೇ. ಅತ್ತಿಗೆ ಮದುವೆಯಾಗಿ ಮನೆಗೆ ಬಂದಾಗ ಅವನಿನ್ನೂ ಮೂಗು ಸುರಿಸಿಕೊಂಡು ಓಡಾಡುತ್ತಿದ್ದ ತಬ್ಬಲಿ ಹುಡುಗ. ಅವಳು ಮೊದಲ ದಿನವೇ "ಪುಟ್ಟಾ, ಬಾರೋ ಇಲ್ಲಿ" ಎಂದು ಕರೆದು ಮೂಗು ಒರೆಸಿದ್ದಳು. ಹೆಸರು ಅಲ್ಲೇ ಅಂಟಿಕೊಂಡಿತು. ಮೂಗು ಒರೆಸಿದವಳ ಎದುರು ಮನುಷ್ಯ ಎಷ್ಟು ಬೆಳೆದರೂ ಅಷ್ಟಕ್ಕಷ್ಟೇ.

ಆ ಅತ್ತಿಗೆಯ ಮಗಳು ಒಂದು ಬೆಳಿಗ್ಗೆ ಅಂಗಡಿಗೆ ಬಂದಳು. ಪುಟ್ಟ ಯಾವುದೋ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿ ಏಳುತ್ತದೆ ಎಂದು ಕಾಯುತ್ತಿದ್ದ.

"ಚಿಕ್ಕಪ್ಪ, ನಂಗೊಂದು ರಬ್ಬರ್ ತಮ್ಮನ್ನ ಮಾಡ್ಕೊಡು."

ಗುಳ್ಳೆ ಎದ್ದಿತು. ಪುಟ್ಟ ಅದನ್ನು ನೋಡಿದ, ತೂತಿನ ಮೇಲೆ ಬೆರಳಿಡುವುದನ್ನು ಮರೆತ.

"ಯಾರಿಗೆ?"

"ನಂಗೇ. ಇನ್ಯಾರಿಗೆ? ಆಚೆ ದಡದ ಆಸ್ಪತ್ರೆಯವ್ರು ಮತ್ತೆ ಕೋಟು ಹೊಲಿಯೋಕೆ ಹೇಳಿದ್ದಾರೆ. ಬಸ್ಸಲ್ಲಿ ಹೋದ್ರೆ ಕೊಲ್ಲಿ ಸುತ್ತೋದ್ರಲ್ಲೇ ದಿನ ಮುಗಿದುಹೋಗುತ್ತೆ. ದೋಣೀಲಿ ಹೋಗ್ತೀನಿ, ಅಪ್ಪನ ಥರ."

"ಒಬ್ಳೇನಾ?"

"ಅಪ್ಪ ಒಬ್ರೇ ಹೋಗ್ತಿರ್ಲಿಲ್ವಾ?"

ಈ ಹುಡುಗಿಗೆ ಅವಳಪ್ಪ ಇಟ್ಟ ಅಡ್ಡಹೆಸರು ಸೂಜಿ. ಸಣಕಲು ಮೈ, ಚುಚ್ಚುವ ಮಾತು. ಅಪ್ಪ ಹೋದ ಮೇಲೆ ದರ್ಜಿ ಅಂಗಡಿಯ ಬಾಗಿಲನ್ನು ಒಂದು ವಾರವೂ ಮುಚ್ಚಿಡದೆ ಅದೇ ಮೆಷಿನ್ನಿನ ಮುಂದೆ ಕೂತವಳು. ಪುಟ್ಟ ಅವಳಿಗೆ, "ನೋಡೋಣ, ಒಳ್ಳೆ ಟ್ಯೂಬು ಸಿಗ್ಲಿ" ಎಂದ. ಅವನ ತಲೆಯ ಮೇಲೆ ಮೊಳೆಗೆ ನೇತುಹಾಕಿದ ಟ್ಯೂಬುಗಳು ಗೋಡೆ ಕಾಣದ ಹಾಗೆ ಇದ್ದವು. ಸೂಜಿ ಅವನ್ನು ನೋಡಿದಳು, ಅವನನ್ನು ನೋಡಿದಳು, ಹೊರಟುಹೋದಳು.

ಆ ದೋಣಿ ಅಣ್ಣತಮ್ಮಂದಿರಿಬ್ಬರದು. ಅಣ್ಣ ದರ್ಜಿ, ತಮ್ಮ ಸೈಕಲ್ ರಿಪೇರಿಯವ. ಇಬ್ಬರಿಗೂ ಸಮುದ್ರಕ್ಕೂ ಹುಟ್ಟಿನಿಂದ ಬಂದ ನಂಟೇನೂ ಇರಲಿಲ್ಲ. ಯಾರೋ ಮುದುಕ ಬೋರಲು ಹಾಕಿದ್ದ ಹಳೆಯ ಮರದ ದೋಣಿಯನ್ನು ತಂದು, ಅಣ್ಣ ಗುಡಾರದ ಬಟ್ಟೆಯಲ್ಲಿ ಹಾಯಿ ಹೊಲಿದ, ತಮ್ಮ ತುಕ್ಕು ಹಿಡಿದ ಕಬ್ಬಿಣವನ್ನೆಲ್ಲ ಕಿತ್ತು ಹೊಸದು ಕೂರಿಸಿದ. ಅಂಗಿಗೆ ಹಾಕುವಷ್ಟೇ ನಯವಾದ ಹೊಲಿಗೆ ಹಾಯಿಗೆ ಹಾಕಿದ್ದನೆಂದು ದೋಣಿ ಕಟ್ಟುವ ಧಕ್ಕೆಯ ಮೀನುಗಾರರು ನಗಾಡಿದರು. ನಗಾಡಿದವರೇ ಆಮೇಲೆ ತಮ್ಮ ಹರಿದ ಹಾಯಿ ತಂದು ಅವನ ಅಂಗಡಿಯ ಮುಂದೆ ನಿಂತರು.

ಅಣ್ಣನ ಕೈಯಲ್ಲಿ ಹಾಯಿಯ ಹಗ್ಗ, ತಮ್ಮನ ಕೈಯಲ್ಲಿ ಚುಕ್ಕಾಣಿ. ಮೊದಮೊದಲು ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗಿತ್ತು. ಆಮೇಲೆ ಹೊಂದಿಕೆಯಾಯಿತು. ಚುಕ್ಕಾಣಿಯ ಹಿಡಿಯೆಂದರೆ ತೋಳುದ್ದದ ಮರದ ಕೋಲು, ಅಷ್ಟೇ. ಆದರೆ ಅದಕ್ಕೆ ಸದಾ ಒಬ್ಬ ಆಳು ಬೇಕು. ಕೈ ಬಿಟ್ಟಿರೋ, ದೋಣಿ ಮುನಿಸಿಕೊಂಡವರ ಹಾಗೆ ಮುಖ ತಿರುಗಿಸಿ ಗಾಳಿಗೆದುರಾಗಿ ನಿಂತುಬಿಡುತ್ತದೆ. ಹಾಯಿ ಪಟಪಟ ಬಡಿದುಕೊಳ್ಳುತ್ತದೆ. ಜಪ್ಪಯ್ಯ ಅಂದರೂ ಮುಂದೆ ಹೋಗುವುದಿಲ್ಲ.

ಈ ಮುನಿಸು ಒಮ್ಮೆ ಅಣ್ಣನ ಜೀವ ಉಳಿಸಿತ್ತು. ಸಿಕ್ಕುಬಿದ್ದ ಹಗ್ಗ ಬಿಡಿಸಲು ಅವನು ದೋಣಿಯ ಮೂತಿಯವರೆಗೆ ಹೋಗಿದ್ದಾಗ ಅಲೆಯೊಂದು ಎತ್ತಿ ಹಾಕಿತು, ಅಣ್ಣ ನೀರಿಗೆ ಬಿದ್ದ. ಹಿಂದೆ ತೂಕಡಿಸುತ್ತಿದ್ದ ಪುಟ್ಟ ಬೆಚ್ಚಿಬಿದ್ದು, ಚುಕ್ಕಾಣಿಯನ್ನು ಬಿಟ್ಟು, ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕಿರುಚಿದ. ದೋಣಿ ತಿರುಗಿ ನಿಂತಿತು. ಅಣ್ಣ ನಾಲ್ಕು ಕೈ ಈಜಿ ಬಂದು, ಅಂಚು ಹಿಡಿದು ಹತ್ತಿ, ಮೊದಲು ತಮ್ಮನ ಕಿವಿ ಹಿಂಡಿ, ಆಮೇಲೆ ನಕ್ಕ.

"ನೀನು ಕೈ ಬಿಟ್ಟಿದ್ದಕ್ಕೆ ನಾನು ಬದುಕಿದೆ ಕಣೋ. ಜೀವಮಾನದಲ್ಲಿ ನೀನು ಮಾಡಿದ ಒಂದೇ ಒಂದು ಒಳ್ಳೆ ಕೆಲಸ ಅಂದ್ರೆ, ಏನೂ ಮಾಡದೆ ಕೂತಿದ್ದು."

ಈ ಮಾತನ್ನು ಅಣ್ಣ ವರ್ಷಗಟ್ಟಲೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದ. ಅಂದರೆ ದೋಣಿ ಯಾಕೆ ನಿಂತಿತು ಎನ್ನುವುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದನ್ನು ಬೇಕಾದ ಹೊತ್ತಿಗೆ ಮರೆಯುವುದರಲ್ಲಿ ಮನುಷ್ಯನನ್ನು ಮೀರಿಸಿದ ಪ್ರಾಣಿ ಇನ್ನೊಂದಿಲ್ಲ.

ಕೊಲ್ಲಿಯ ಆಚೆ ದಡದಲ್ಲಿ ದೊಡ್ಡ ಆಸ್ಪತ್ರೆ. ಅಲ್ಲಿನ ಬಿಳಿ ಕೋಟುಗಳನ್ನೆಲ್ಲ ಹೊಲಿಯುವ ಕೆಲಸ ಅಣ್ಣನಿಗೆ ಬಂತು. ಭಾನುವಾರ ಅಂಗಡಿಗೆ ರಜ. ಕೋಟಿನ ಗಂಟನ್ನು ದೋಣಿಯಲ್ಲಿಟ್ಟುಕೊಂಡು ಇಬ್ಬರೂ ಹೋಗಿ ಕೊಟ್ಟು ಬರುತ್ತಿದ್ದರು. ಸೈಕಲ್ ಅಂಗಡಿಗೆ ಮಾತ್ರ ಭಾನುವಾರವೇ ಗಿರಾಕಿ ಹೆಚ್ಚು. ಬರುಬರುತ್ತ ಪುಟ್ಟನಿಗೆ ಬೇಸರ ಬಂತು. ಮಂಡಿ ನೋವು ಎಂದ, ಬಿಸಿಲು ಎಂದ, ಕೊನೆಗೆ ಇದ್ದದ್ದನ್ನೇ ಹೇಳಿದ: "ನನ್ನ ಕೈಲಿ ಆಗಲ್ಲ ಅಣ್ಣ, ನೀನೊಬ್ಬನೇ ಹೋಗು."

"ಒಬ್ನೇ ಹೋಗೋಕೆ ನಂಗೇನು ನಾಲ್ಕು ಕೈ ಇದ್ಯಾ? ಹಾಯಿ ಹಿಡೀಲಾ, ಚುಕ್ಕಾಣಿ ಹಿಡೀಲಾ?"

ಪುಟ್ಟ ಒಂದು ಸಂಜೆ ಕೂತು ಅಣ್ಣನಿಗೆ ಆ ಉಳಿದ ಕೈಗಳನ್ನು ಮಾಡಿಕೊಟ್ಟ. ಒಂದು ಕಡೆ ಸೈಕಲ್ ಟ್ಯೂಬಿನ ಪಟ್ಟಿ, ಇನ್ನೊಂದು ಕಡೆ ಸಣ್ಣ ಹಗ್ಗ, ನಡುವೆ ಚುಕ್ಕಾಣಿಯ ಹಿಡಿ. ರಬ್ಬರು ಎಳೆಯುತ್ತದೆ, ಹಗ್ಗ ಬಿಡುವುದಿಲ್ಲ. ಗಾಳಿ ಜೋರಾದರೆ ಹಿಡಿ ತುಸು ಜರುಗಿ ಮತ್ತೆ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಹಾಯಿಯ ಹಗ್ಗವನ್ನೂ ಒಂದು ಕಡೆ ಬಿಗಿದುಬಿಟ್ಟರೆ ಮುಟ್ಟುವವರೇ ಬೇಡ, ದೋಣಿ ಗೆರೆ ಎಳೆದ ಹಾಗೆ ನೇರ ಹೋಗುತ್ತದೆ. ಮೊದಲ ಸಲ ಕಟ್ಟಿ ನೋಡಿದ ದಿನ ಅಣ್ಣ ಹುಡುಗನಂತೆ ಚಪ್ಪಾಳೆ ತಟ್ಟಿದ್ದ.

"ನಿನಗಿಂತ ಇವನೇ ವಾಸಿ ಕಣೋ. ತೂಕಡಿಸಲ್ಲ, ಕೆಮ್ಮಲ್ಲ, ಮನೆಗೆ ಯಾವಾಗ ಹೋಗೋಣ ಅಂತ ಕೇಳಲ್ಲ. ಇವನು ನನ್ನ ರಬ್ಬರ್ ತಮ್ಮ."

ಮನೆಯವರೆಲ್ಲ ಅದನ್ನು ಹಾಗೇ ಕರೆದರು. ಪುಟ್ಟನೂ ನಕ್ಕ. ಅವನಿಗೆ ಹೆಮ್ಮೆಯೇ ಆಗಿತ್ತು.

ಹೋದ ವರ್ಷದ ಒಂದು ಭಾನುವಾರ ದೋಣಿ ಆಚೆ ದಡ ತಲುಪಿತು, ಅಣ್ಣ ತಲುಪಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ನೋಡಿದಾಗ ದೋಣಿ ಮರಳಿಗೆ ಮೂತಿ ಊರಿಕೊಂಡು ನಿಂತಿತ್ತು. ಹಾಯಿ ಏರಿಸಿದ್ದು ಏರಿಸಿದ ಹಾಗೇ ಇತ್ತು. ಕೋಟಿನ ಗಂಟು ಒಂದು ಹನಿ ನೆನೆದಿರಲಿಲ್ಲ. ಚುಕ್ಕಾಣಿ ಅಣ್ಣ ಕಟ್ಟಿದ ಜಾಗದಿಂದ ಬೆರಳಷ್ಟೂ ಸರಿದಿರಲಿಲ್ಲ. ಎರಡು ದಿನ ಕಳೆದು ಬಲೆಯವರಿಗೆ ಅಣ್ಣ ಸಿಕ್ಕಿದ.

ಡಾಕ್ಟರು, "ವಯಸ್ಸಾಗಿತ್ತು, ಹೃದಯ ನಿಂತು ಬಿದ್ದಿರಲೂಬಹುದು, ಹೀಗೇ ಅಂತ ಹೇಳೋಕಾಗಲ್ಲ" ಎಂದರು. ಅತ್ತಿಗೆ ಆ ಮಾತಿನ ಮೊದಲರ್ಧವನ್ನು ಮಾತ್ರ ಹಿಡಿದುಕೊಂಡಳು. ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳಿದಳು. "ಬೀಳೋಕೆ ಮುಂಚೇನೇ ಜೀವ ಹೋಗಿತ್ತಂತೆ. ನೀರು ಮುಟ್ಟಿದ್ದೂ ಅವರಿಗೆ ಗೊತ್ತಾಗಿಲ್ಲ. ಪುಣ್ಯವಂತರು, ಕಷ್ಟಪಡ್ಲಿಲ್ಲ." ಹೇಳುತ್ತ ಹೇಳುತ್ತ ಅವಳ ಅಳು ಹತೋಟಿಗೆ ಬರುತ್ತಿತ್ತು.

ಬಂದವರಲ್ಲಿ ಧಕ್ಕೆಯ ಕಾವಲುಗಾರನೂ ಇದ್ದ. ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ದೊಡ್ಡದು. "ಏನ್ ಕಟ್ಟಪ್ಪಾ ಅದು! ಆಳಿಲ್ದೆ ದೋಣಿ ಆ ದಡ ಮುಟ್ಟಿದೆ ಅಂದ್ರೆ! ದರ್ಜಿ ಹೋದ್ರೂ ಕೊಟ್ಟ ಮಾತು ತಪ್ಪಲಿಲ್ಲ ನೋಡಿ, ಬಟ್ಟೆ ಹೊತ್ತಿಗೆ ಸರಿಯಾಗಿ ತಲುಪ್ತು. ಯಾರು ಮಾಡಿದ್ದು ಅದನ್ನ?"

ಮೂಲೆಯಲ್ಲಿ ಕೂತಿದ್ದ ಪುಟ್ಟ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ಎರಡೂ ಕೈಗಳನ್ನು ಮಂಡಿಯ ಸಂದಿಗೆ ಸೇರಿಸಿಕೊಂಡ. "ನಮ್ಮ ಪುಟ್ಟಾನೇ ಮಾಡಿದ್ದು" ಎಂದು ಅತ್ತಿಗೆ ಹೇಳಿದಳು. ಆ ದುಃಖದಲ್ಲೂ ಅವಳ ದನಿಯಲ್ಲಿ ಒಂದಿಷ್ಟು ಅಭಿಮಾನವಿತ್ತು. ಎಲ್ಲರೂ ತಲೆದೂಗಿದರು. ಪುಟ್ಟನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯಾಕೆಂದರೆ ದೋಣಿ ನಿಲ್ಲಬೇಕಾಗಿತ್ತು. ಅಣ್ಣ ಬಿದ್ದೊಡನೆ ಅದು ತಿರುಗಿ, ಹಾಯಿ ಬಡಿದುಕೊಂಡು, ಅವನು ಈಜಿ ಬಂದು ಹತ್ತುವವರೆಗೆ ನಿಲ್ಲಬೇಕಾಗಿತ್ತು. ಹಿಂದೊಮ್ಮೆ ನಿಂತಿತ್ತಲ್ಲ, ಹಾಗೆ. ಅದನ್ನು ನಿಲ್ಲಗೊಡದೆ ಮುಂದಕ್ಕೆ ಒಯ್ದದ್ದು ಪುಟ್ಟ ಕಟ್ಟಿದ ರಬ್ಬರು. ಚುಕ್ಕಾಣಿ ಅಲುಗಾಡಬಾರದು ಎಂದು ಅವನು ಎಷ್ಟು ಚೆನ್ನಾಗಿ ಕೆಲಸ ಮಾಡಿದ್ದನೋ ಅಷ್ಟೇ ಚೆನ್ನಾಗಿ ದೋಣಿ ಅಣ್ಣನನ್ನು ಬಿಟ್ಟು ಹೋಗಿತ್ತು. ಆ ಸಂಜೆಯೇ ಅವನು ಧಕ್ಕೆಗೆ ಹೋಗಿ, ಮೀನುಗಾರರು ಆಚೆ ದಡದಿಂದ ಮರಳಿಸಿದ್ದ ದೋಣಿಯಿಂದ ಅದನ್ನು ಬಿಚ್ಚಿ ತಂದು, ಚೂರು ಚೂರು ಕತ್ತರಿಸಿ, ಅಂಗಡಿಯ ಹಳೆ ರಬ್ಬರಿನ ಚೀಲಕ್ಕೆ ಹಾಕಿದ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತಿಗೆ ಹಿಡಿದುಕೊಂಡಿದ್ದ ಆ ಒಂದು ಮಾತೂ ಅವಳ ಕೈಯಿಂದ ಜಾರುತ್ತಿತ್ತು. ಬಿಸಿತುಪ್ಪದ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ ವರ್ಷ ಕಳೆದ.

ಈಗ ಸೂಜಿ ಬಂದು ಅದನ್ನೇ ಕೇಳುತ್ತಿದ್ದಳು.

ಅವಳು ಮತ್ತೆ ಬಂದಾಗ ಟ್ಯೂಬು ಸರಿಯಿಲ್ಲ ಎಂದ. ಇನ್ನೊಮ್ಮೆ ಬಂದಾಗ ಅಳತೆ ಮರೆತುಹೋಗಿದೆ ಎಂದ. ಗಾಳಿಯ ಕಾಲ ಮುಗಿಯಲಿ ಎಂದ. ಹಾಯಿದೋಣಿಗೆ ಗಾಳಿಯಿಲ್ಲದ ಕಾಲ ಬರಲಿ ಎನ್ನುವವನನ್ನು ಸೂಜಿ ಹುಬ್ಬು ಗಂಟಿಕ್ಕಿ ನೋಡಿದಳು.

"ಚಿಕ್ಕಪ್ಪ, ಮಾಡ್ಕೊಡಲ್ಲ ಅಂದ್ರೆ ಮಾಡ್ಕೊಡಲ್ಲ ಅನ್ನು. ಈ ಅಡ್ಡಗೋಡೆ ಮೇಲೆ ದೀಪ ಇಡೋ ಮಾತು ಬೇಡ. ನಾನು ಹೆಂಗ್ಸು ಅಂತಾನಾ?"

"ಛೆ, ಅದಲ್ಲ."

"ಮತ್ತೆ?"

ಪುಟ್ಟ ಸ್ಪ್ಯಾನರ್ ಹುಡುಕುವವನಂತೆ ಡಬ್ಬಿಯಲ್ಲಿ ಕೈಯಾಡಿಸಿದ. ಹುಡುಕಿದ ಸ್ಪ್ಯಾನರ್ ಅವನ ಇನ್ನೊಂದು ಕೈಯಲ್ಲೇ ಇತ್ತು.

ಒಂದು ಶನಿವಾರ ಮಧ್ಯಾಹ್ನ ಅವಳೇ ಕರೆಕಳಿಸಿದಳು, ಧಕ್ಕೆಗೆ ಬಾ ಎಂದು. ಪುಟ್ಟ ಹೋಗಿ ನೋಡಿದರೆ ದೋಣಿ ಆಗಲೇ ನೀರಿಗಿಳಿದು ಧಕ್ಕೆಯ ಮುಂದೆ ಹಾಯಿ ಬಿಚ್ಚಿ ಓಡುತ್ತಿತ್ತು. ಸೂಜಿ ಮಧ್ಯದಲ್ಲಿ ಕೂತು ಎರಡೂ ಕೈ ಮೇಲೆತ್ತಿದ್ದಳು.

"ನೋಡು ಚಿಕ್ಕಪ್ಪಾ! ಕೈ ಬಿಟ್ಟಿದ್ದೀನಿ!"

ಚುಕ್ಕಾಣಿ ಅಲುಗುತ್ತಿರಲಿಲ್ಲ. ಬಿಳಿಯ ಪಟ್ಟಿಯೊಂದು ಅದನ್ನು ಹಿಡಿದಿತ್ತು. ದರ್ಜಿಯ ಮಗಳು ಟ್ಯೂಬಿಗಾಗಿ ಕಾಯುವವಳೇ? ಲಂಗದ ಸೊಂಟಕ್ಕೆ ಹಾಕುವ ಅಗಲ ಎಲಾಸ್ಟಿಕ್ಕನ್ನು ಎರಡು ಪದರ ಹೊಲಿದು, ಬೇಕಾದ ಹಾಗೆ ಬಿಗಿ ಮಾಡಲು ಕೊಕ್ಕೆಗಳ ಸಾಲು ಕೂರಿಸಿದ್ದಳು. ಪುಟ್ಟನದಕ್ಕಿಂತ ಅಚ್ಚುಕಟ್ಟಾದ ಕೆಲಸ. ಒಳ್ಳೆಯ ಕೈಕೆಲಸ ಕಂಡರೆ ತಲೆದೂಗುವುದು ಅವನ ಹುಟ್ಟುಗುಣ. ಅಂದು ಅವನು ತಲೆದೂಗಲಿಲ್ಲ.

"ಬಾ ಈಚೆ!" ಎಂದು ಕೂಗಿದ. "ಮೊದ್ಲು ದಡಕ್ಕೆ ಬಾ! ಬಾ ಅಂದೆ!"

ಚಿಕ್ಕಪ್ಪ ದನಿಯೆತ್ತಿದ್ದನ್ನು ಸೂಜಿ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವಳು ಬಂದು ದೋಣಿ ಕಟ್ಟಿ ಮೇಲೆ ಹತ್ತಿದಳು. ಪುಟ್ಟ ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ ಹೇಳಿದ. ಹೇಗೆ ಹೇಳಬೇಕೆಂದು ವರ್ಷವಿಡೀ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳು ಯಾವುವೂ ಬರಲಿಲ್ಲ.

"ನೀನು ಬಿದ್ರೆ ಇದು ನಿಲ್ಲಲ್ಲ ಮಗಾ. ಚುಕ್ಕಾಣಿ ಬಿಟ್ಟಿದ್ರೆ ನಿಲ್ಲುತ್ತೆ. ಕಟ್ಟಿದ್ರೆ ನಿಲ್ಲಲ್ಲ. ನೀನು ನೀರಲ್ಲಿರ್ತೀಯ, ಅದು ಹೋಗ್ತಾ ಇರುತ್ತೆ."

ಸೂಜಿ ದೋಣಿಯನ್ನು ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಅಪ್ಪನಿಗೆ ಹಾಗಾಯ್ತು ಅಂತೀಯಾ?"

"ಗೊತ್ತಿಲ್ಲ."

"ಆದ್ರೆ ನಿಂಗೆ ಹಾಗನ್ಸುತ್ತೆ."

"ದಿನಾ ಅನ್ಸುತ್ತೆ" ಎಂದ ಪುಟ್ಟ. "ನಾನು ಜೊತೇಲಿ ಹೋಗಬೇಕಿತ್ತು. ಹೋಗೋಕೆ ಬೇಜಾರಾಗಿ ಅದನ್ನ ಮಾಡ್ಕೊಟ್ಟೆ. ನಿಮ್ಮಪ್ಪ ಅದನ್ನ ತಮ್ಮ ಅಂತ ಕರೆದ."

ಸೂಜಿ ಕೆಳಗಿಳಿದು ಹೋಗಿ ಎಲಾಸ್ಟಿಕ್ಕಿನ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿದಳು. ಮೂಗು ಕೆಂಪಾಗಿತ್ತು. ತಿರುಗಿ ಬಂದು ಹೇಳಿದ್ದು ಒಂದೇ ಮಾತು:

"ಅಮ್ಮಂಗೆ ಹೇಳ್ಬೇಡ. ಅಪ್ಪ ಕಷ್ಟಪಡ್ಲಿಲ್ಲ ಅನ್ನೋದೊಂದನ್ನ ಹಿಡ್ಕೊಂಡು ಅವಳು ದಿನ ದೂಡ್ತಿದ್ದಾಳೆ."

"ನೀನು ದೋಣಿ ಬಿಡ್ತೀಯಾ?"

"ಇಲ್ಲ."

ಬಿಡುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಅದಕ್ಕೆ ಅವನು ಅಂಗಡಿಗೆ ಹೋಗಿ ಗಟ್ಟಿ ಹಗ್ಗ ತಂದ. ಅದರ ಒಂದು ತುದಿಯನ್ನು ಹಾಯಿಕಂಬದ ಬುಡಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಅವಳ ಸೊಂಟಕ್ಕೆ ಸುತ್ತಿ, ಅವಳನ್ನು ದೋಣಿಯ ಉದ್ದಕ್ಕೂ ನಡೆಸಿ ಅಳತೆ ನೋಡಿದ. ಓಡಾಡಲು ಸಾಲಬೇಕು, ನೀರಿಗೆ ಬಿದ್ದರೆ ದೋಣಿಯ ಅಂಚು ಕೈಗೆ ಸಿಗುವಷ್ಟೇ ಇರಬೇಕು. ಬಟ್ಟೆಯ ಅಳತೆ ತೆಗೆಯುವವರ ಮನೆಯ ಹುಡುಗಿ, ಅಳತೆ ಕೊಡುವವಳ ಹಾಗೆ ಕೈ ಅಗಲಿಸಿ ಸುಮ್ಮನೆ ನಿಂತಳು. ಗಂಟು ಹಾಕುತ್ತಿರುವಾಗ ಪುಟ್ಟನಿಗೆ ಹೊಳೆಯಿತು, ಅಣ್ಣನಿಗೆ ಬೇಕಾಗಿದ್ದದ್ದು ಇಷ್ಟೇ ಉದ್ದದ ಇನ್ನೊಂದು ಹಗ್ಗ. ಅಂಗಡಿಯ ತುಂಬ ಹಗ್ಗವಿತ್ತು.

ಮರುದಿನ ಬೆಳಿಗ್ಗೆ ಸೂಜಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಚುಕ್ಕಾಣಿಗೆ ಎಲಾಸ್ಟಿಕ್ಕನ್ನು ಮತ್ತೆ ಬಿಗಿದು ಹೊರಟಳು. ಅತ್ತಿಗೆ ಬರುವ ಮಾತೇ ಇರಲಿಲ್ಲ. ಅಣ್ಣ ಹೋದಂದಿನಿಂದ ಅವಳು ಧಕ್ಕೆಯ ಕಡೆ ತಲೆ ಹಾಕಿರಲಿಲ್ಲ. ಆದರೆ ದೋಣಿಯ ಹಗ್ಗ ಬಿಚ್ಚುವ ಹೊತ್ತಿಗೆ ನೋಡಿದರೆ, ಕೋಟಿನ ಗಂಟನ್ನು ತಾನೇ ಸೊಂಟಕ್ಕಿರಿಸಿಕೊಂಡು ಮೆಟ್ಟಿಲಿಳಿದು ಬರುತ್ತಿದ್ದಳು. "ಕೈಯಾರೆ ಕಾಜ ಹೊಲಿದಿದ್ದೀನಿ, ಕೈಯಾರೆ ಕಳಿಸ್ತೀನಿ" ಎಂದಳು. ಗಂಟನ್ನು ಇಳಿಸಿ ತಲೆಯೆತ್ತಿದವಳಿಗೆ ಮಗಳ ಸೊಂಟ ಕಂಡಿತು.

"ಇದೇನೇ ಇದು, ಕರು ಕಟ್ಟಿದ ಹಾಗೆ?"

ಸೂಜಿ ಚಿಕ್ಕಪ್ಪನನ್ನು ನೋಡಿದಳು. ಚಿಕ್ಕಪ್ಪ ಸಮುದ್ರ ನೋಡಿದ.

"ಸುಮ್ನೆ ಅಮ್ಮ. ಎಲ್ರೂ ಕಟ್ಕೋತಾರೆ."

"ನಿಮ್ಮಪ್ಪ ಕಟ್ಕೋತಿರ್ಲಿಲ್ಲ."

"ಅಯ್ಯೋ, ಬಿದ್ರೆ ದೋಣಿ ಬಿಟ್ಟು ಹೋಗ್ಬಾರ್ದಲ್ಲ, ಅದಕ್ಕೆ" ಎಂದುಬಿಟ್ಟಳು ಸೂಜಿ. ಅಂದಮೇಲೆ ತುಟಿ ಕಚ್ಚಿಕೊಂಡಳು.

ಅತ್ತಿಗೆ ದರ್ಜಿಯ ಪಕ್ಕದಲ್ಲಿ ಕೂತು ಆಯುಷ್ಯ ಕಳೆದವಳು. ಕತ್ತರಿಸಿ ಬಿದ್ದ ತುಂಡು ನೋಡಿಯೇ ಇದು ತೋಳು, ಇದು ಕಾಲರು ಎನ್ನುವವಳು. ಅವಳು ಮಗಳ ಸೊಂಟದ ಹಗ್ಗ ನೋಡಿದಳು, ಚುಕ್ಕಾಣಿಗೆ ಬಿಗಿದ ಎಲಾಸ್ಟಿಕ್ ನೋಡಿದಳು, ಆಮೇಲೆ ಪುಟ್ಟನ ಮುಖ ನೋಡಿದಳು. ಅಷ್ಟೇ ಸಾಕಾಯಿತು. ಬಗ್ಗಿ ಮಗಳ ಸೊಂಟದ ಗಂಟನ್ನು ಎರಡು ಸಲ ಜಗ್ಗಿ ನೋಡಿ, "ಹುಷಾರಾಗಿ ಹೋಗ್ಬಾ" ಎಂದಳು.

ದೋಣಿ ಧಕ್ಕೆ ಬಿಟ್ಟು ಗಾಳಿ ಹಿಡಿಯಿತು. ಅತ್ತಿಗೆ ಮೆಟ್ಟಿಲ ಮೇಲೆ ಕೂತಳು. ಪುಟ್ಟ ನಿಂತೇ ಇದ್ದ.

"ಬಿದ್ದ ತಕ್ಷಣ ಹೋಗಿಲ್ಲ ಅವರು, ಅಲ್ವೇನೋ ಪುಟ್ಟ?"

ಡಾಕ್ಟರ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅವಳು ಒಪ್ಪಿಕೊಳ್ಳುತ್ತಿದ್ದಳೋ ಏನೋ. ಆದರೆ ಅವಳು ಕೇಳುತ್ತಿದ್ದದ್ದು ಅವನನ್ನು, ಡಾಕ್ಟರನ್ನಲ್ಲ.

"ನಂಗೆ ಗೊತ್ತಿಲ್ಲ ಅತ್ತಿಗೆ. ದೋಣಿ ನಿಂತಿಲ್ಲ. ನಾನು ಕಟ್ಕೊಟ್ಟಿದ್ದು ಅದನ್ನ ನಿಲ್ಲೋಕೆ ಬಿಡ್ಲಿಲ್ಲ."

"ಹಿಂದೇನೇ ಈಜಿರ್ತಾರೆ."

"ಹೂಂ."

"ಚೆನ್ನಾಗಿ ಈಜ್ತಿದ್ರು."

"ಹೂಂ."

ಬೈಯಲಿ ಎಂದು ಅವನು ಕಾದ. ಕೆನ್ನೆಗೆ ಹೊಡೆದಿದ್ದರೆ ಆ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅವಳು ಹೊಡೆಯಲಿಲ್ಲ, ಬೈಯಲಿಲ್ಲ. ಸಣ್ಣದಾಗುತ್ತಿದ್ದ ಹಾಯಿಯ ಮೇಲಿಂದ ಕಣ್ಣು ತೆಗೆಯದೆ, ಅವನಿಗೆ ಹೇಳಿದಳೋ ತನಗೆ ಹೇಳಿಕೊಂಡಳೋ ತಿಳಿಯದ ಹಾಗೆ ಹೇಳಿದಳು:

"ಕೂಗಿರ್ತಾರೆ ಕಣೋ. ನಿನ್ನನ್ನೇ ಕೂಗಿರ್ತಾರೆ. ಆ ದೋಣೀಲಿ ಅವರು ಇನ್ಯಾರನ್ನೂ ಕರೆದವರಲ್ಲ."